ಕಾರ್ಡಿಫ್ ನಗರದಲ್ಲಿ ವೆಲ್ಷ್ ಎಂದಾದರೂ ಜನರ ಮಾತಾಗಿತ್ತೇ?

ವೇಲ್ಸಿನ ರಾಜಧಾನಿಯಾದ ಕಾರ್ಡಿಫ್‌ನಲ್ಲಿ ಎಲ್ಲೆಲ್ಲೂ ಇಂಗ್ಲಿಷೇ ಕೇಳಿಸುವಾಗ, ವೆಲ್ಷ್ ಅಲ್ಲಿ ಕೇವಲ ನಾಮಫಲಕಗಳ ಭಾಷೆಯೇ ಎಂದು ನೀವು ಕೇಳಿದ್ದೀರಿ. ಕೆಲವು ವರ್ಷಗಳಿಂದ ಇದೇ ಊರಿನಲ್ಲಿದ್ದು, ವಾರಕ್ಕೊಮ್ಮೆ ವೆಲ್ಷ್ ತರಗತಿಗೆ ಹೋಗುತ್ತಿರುವ ನಾನು ಖಂಡಿತವಾಗಿ ಅಲ್ಲವೆನ್ನುತ್ತೇನೆ.

ಊರಿನ ಹೆಸರನ್ನೇ ನೋಡಿ. ಟಾಫ್ ನದಿಯ ಕೋಟೆ ಎಂಬರ್ಥದ ಹಳೆಯ ವೆಲ್ಷ್ ರೂಪ ‘ಕೈರ್‌ಡೀವ್’. ವೆಲ್ಷ್ ಜನರ ಬಾಯಲ್ಲಿ ಅದು ಸವೆದು ‘ಕೈರ್‌ಡೀದ್’ ಆಯಿತು. ಇಂಗ್ಲಿಷಿನವರ ‘ಕಾರ್ಡಿಫ್’ ಆ ಹಳೆಯ ರೂಪದ ಕೊನೆಯ ವ್ಯಂಜನದ ಗುರುತನ್ನು ಇಂದಿಗೂ ಉಳಿಸಿಕೊಂಡಿದೆ. (‘ಕಾರ್ಡಿಫ್‌ಗೆ’ ಎನ್ನಬೇಕಾದರೆ ವೆಲ್ಷ್‌ನಲ್ಲಿ ‘ಇ ಗೈರ್‌ಡೀದ್’ ಎನ್ನಬೇಕು. ಮಳೆ, ಕಾಲ ಎರಡೂ ಸೇರಿ ಮಳೆಗಾಲವಾಗುವ ನಮ್ಮ ಆದೇಶ ಸಂಧಿಯನ್ನು ಬಲ್ಲವರಿಗೆ, ಕಕಾರ ಗಕಾರವಾಗುವ ಈ ನಿಯಮ ಬಹಳ ಹತ್ತಿರದ್ದೆನಿಸುತ್ತದೆ.)

1801ರಲ್ಲಿ ಕಾರ್ಡಿಫ್ ಎರಡು ಸಾವಿರ ಜನರೂ ಇಲ್ಲದ ಸಣ್ಣ ಪಟ್ಟಣ. ಇಂದು ಅದರ ಬಡಾವಣೆಗಳಾಗಿರುವ ಸುತ್ತಲಿನ ಹಳ್ಳಿಗಳಲ್ಲಿ ವೆಲ್ಷ್ ದಿನಬಳಕೆಯ ಮಾತಾಗಿತ್ತು. 1839ರಲ್ಲಿ ಬ್ಯೂಟ್ ಹಡಗುಕಟ್ಟೆ ತೆರೆದು, ಕಣಿವೆಗಳ ಕಲ್ಲಿದ್ದಲು ಈ ಬಂದರಿನಿಂದ ಲೋಕಕ್ಕೆಲ್ಲ ಹೊರಟ ಮೇಲೆ ಐರ್ಲೆಂಡ್, ಸಾಮರ್ಸೆಟ್, ಡೆವನ್ ಕಡೆಗಳಿಂದ ಕೂಲಿ ಅರಸಿ ಬಂದವರಿಂದ ಊರು ಉಕ್ಕಿ ಹರಿಯಿತು. 1901ರ ಹೊತ್ತಿಗೆ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು; ವೆಲ್ಷ್ ಬಲ್ಲವರು ನೂರಕ್ಕೆ ಎಂಟರ ಆಸುಪಾಸಿನಲ್ಲಿದ್ದರು. ಈ ಅಂಕಿಯನ್ನು ಕಂಡವರು ಭಾಷೆ ಸತ್ತೇಹೋಯಿತೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಆ ಎಂಟು ಪಾಲು ಜನರೇ ನೂರು ವರ್ಷ ಹಿಂದಿನ ಇಡೀ ಪಟ್ಟಣದ ಹಲವು ಪಟ್ಟು ಆಗುತ್ತಿದ್ದರೆಂಬುದನ್ನು ಮರೆಯಬಾರದು. ಮಾತನಾಡುವವರು ಕಡಿಮೆಯಾಗಿರಲಿಲ್ಲ, ಸುತ್ತಲಿನ ಜನಸಾಗರದಲ್ಲಿ ಅವರ ದನಿ ಅಡಗಿಹೋಗಿತ್ತು. ಶಾಲೆ, ಕಚೇರಿ, ವ್ಯಾಪಾರ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಮಕ್ಕಳಿಗೆ ಭಾಷೆ ದಾಟಲಿಲ್ಲ. ಅದನ್ನು ಕಾಪಾಡಿದ್ದು ಹೆಚ್ಚಾಗಿ ಚಾಪೆಲ್‌ಗಳು, ಅಂದರೆ ಕ್ರೈಸ್ತರ ಸಣ್ಣ ಪ್ರಾರ್ಥನಾಮಂದಿರಗಳು. ಪೇಟೆಯ ನಡುವಿನ ಟ್ಯಾಬರ್ನ್ಯಾಕಲ್ ಚಾಪೆಲ್‌ನಲ್ಲಿ ಇಂದಿಗೂ ವೆಲ್ಷ್‌ನಲ್ಲೇ ಪ್ರಾರ್ಥನೆ ನಡೆಯುತ್ತದೆ.

ನಗರ ರಾಜಧಾನಿಯೆನಿಸಿದ್ದು 1955ರಲ್ಲಿ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಘಟನೆ, 1949ರಲ್ಲಿ ಕೆಲವೇ ಮಕ್ಕಳೊಂದಿಗೆ ಇಲ್ಲಿನ ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ಆರಂಭವಾದದ್ದು. 1978ರಲ್ಲಿ ವೆಲ್ಷ್ ಮಾಧ್ಯಮದ್ದೇ ಆದ ಗ್ಲಾನ್‌ಟಾವ್ ಪ್ರೌಢಶಾಲೆ ಬಂತು. ಮುಂದೆ ವೆಲ್ಷ್ ದೂರದರ್ಶನ ವಾಹಿನಿ, 1999ರಲ್ಲಿ ವೇಲ್ಸಿನ ಶಾಸನಸಭೆ ಬಂದು, ವೆಲ್ಷ್ ಬಲ್ಲವರಿಗೆ ಇಲ್ಲಿಯೇ ಉದ್ಯೋಗ ದೊರೆಯತೊಡಗಿತು. 2021ರ ಜನಗಣತಿಯಲ್ಲಿ ನೂರಕ್ಕೆ ಹನ್ನೆರಡು ಮಂದಿ ತಮಗೆ ವೆಲ್ಷ್ ಬರುತ್ತದೆಂದು ಬರೆಸಿದ್ದಾರೆ.

ಇಂದು ವೆಲ್ಷ್ ಶಾಲೆಗಳಲ್ಲಿರುವ ಅನೇಕ ಮಕ್ಕಳ ಮನೆಮಾತು ಇಂಗ್ಲಿಷ್. ನನ್ನ ತರಗತಿಯಲ್ಲಿ ಪಕ್ಕದಲ್ಲಿ ಕೂರುವ ತಾಯಿಯೊಬ್ಬರು ಆರು ವರ್ಷದ ಮಗಳ ಮನೆಪಾಠ ಅರ್ಥವಾಗಲೆಂದೇ ಭಾಷೆ ಕಲಿಯುತ್ತಿದ್ದಾರೆ. ಅವರ ಉಚ್ಚಾರವನ್ನು ತಿದ್ದುವವಳು ಆ ಮಗಳೇ.