ಸಂಪಾದಕರ ಉತ್ತರ: ಕೇಳಿಸಿಕೊಳ್ಳುವ ನಾಲ್ಕು ಜನ ಎಲ್ಲಿ ಸಿಗುತ್ತಾರೆ?

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಿಂದ ಶಿಕ್ಷಕರೊಬ್ಬರು ಆರು ಪುಟಗಳ ಪತ್ರ ಬರೆದಿದ್ದಾರೆ. ವಯಸ್ಸು 49. ಪತ್ನಿ ತೀರಿಕೊಂಡು 14 ತಿಂಗಳಾಯಿತು. ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ನಿದ್ದೆ ಕೆಟ್ಟಿದೆ, ಸಿಟ್ಟು ಹೆಚ್ಚಿದೆ. ಕಳೆದ ತಿಂಗಳು ಎಂಟನೆಯ ತರಗತಿಯ ಹುಡುಗನೊಬ್ಬನ ಕೆನ್ನೆಗೆ ಹೊಡೆದು, ಆಮೇಲೆ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತರಂತೆ. ‘ನನ್ನಂಥವರು ನಾಲ್ಕು ಜನ ಕುಳಿತು ಮಾತನಾಡುವ ಗುಂಪು ನಮ್ಮ ಕಡೆ ಎಲ್ಲಾದರೂ ಇದೆಯೇ? ಊರವರಿಗೆ ಗೊತ್ತಾಗಬಾರದು’ ಎಂಬುದು ಅವರ ಪ್ರಶ್ನೆ. ಕೊನೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ಹೆಸರು, ಊರು ಪ್ರಕಟಿಸುತ್ತಿಲ್ಲ.

ಮೇಷ್ಟ್ರೇ,

ನಿಮ್ಮ ಪತ್ರದ ಆರನೆಯ ಪುಟದಿಂದಲೇ ಶುರು ಮಾಡುತ್ತೇನೆ. ‘ನಾನಿಲ್ಲದಿದ್ದರೂ ಮಗಳ ಓದು ನಿಲ್ಲದ ಹಾಗೆ ಕಾಗದಪತ್ರವನ್ನೆಲ್ಲ ಸರಿಮಾಡಿ ಇಟ್ಟಿದ್ದೇನೆ’ ಎಂದು ಬರೆದಿದ್ದೀರಿ. ಐವತ್ತರ ಹತ್ತಿರ ಬಂದ ತಂದೆ ವಿಮೆ, ನಾಮಿನಿ ಎಂದು ಕಾಗದ ಜೋಡಿಸಿಡುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಐದು ಪುಟ ದುಃಖ ತೋಡಿಕೊಂಡ ಮೇಲೆ ಆ ಸಾಲು ಬಂದರೆ ಓದುವವನ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ, ಸುತ್ತಿ ಬಳಸದೆ, ಸಾಯಬೇಕು ಅನ್ನಿಸುತ್ತಿದೆಯೇ ಎಂದು ಕೇಳಿದೆ. ‘ಹಾಗೇನಿಲ್ಲ, ಬದುಕು ಬೇಸರವಾಗಿದೆ, ಅಷ್ಟೆ’ ಎಂದಿರಿ. ನಂಬಿದ್ದೇನೆ. ಆದರೂ ಅದನ್ನು ಇಲ್ಲಿ ಮತ್ತೆ ಬರೆಯುತ್ತಿರುವುದು, ಅದೇ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರಿಗೂ ಪತ್ರ ಬರೆಯದೆ ಕುಳಿತಿರುವ ಓದುಗರಿಗಾಗಿ. ಅಂಥವರು ಗುಂಪು ಹುಡುಕುತ್ತ ದಿನ ಕಳೆಯಬಾರದು. ಈ ಪುಟ ಮಡಿಸಿಟ್ಟು 14416ಕ್ಕೆ ಕರೆ ಮಾಡಬೇಕು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಆ ರಾತ್ರಿ ಮನೆಯಲ್ಲಿ ಒಬ್ಬರೇ ಇರಬಾರದು.

ಇನ್ನು ನಿಮ್ಮ ಮೊದಲನೆಯ ಪುಟ. ‘ನನಗೆ ಹುಚ್ಚು ಹಿಡಿದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ’ ಎಂದಿದ್ದೀರಿ. ನಿಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎನ್ನುತ್ತಾರೆ. ಹಳೇ ಮೈಸೂರಿನ ಕಡೆ ಅದೇ ಮಾತಿಗೆ ನಿಮ್ಹಾನ್ಸ್ ಎಂಬ ಹೆಸರು. ಪೇಢೆಗೂ ಸಂಗೀತಕ್ಕೂ ಹೆಸರಾದ ಊರನ್ನು ಬೈಗುಳ ಮಾಡಿಕೊಂಡವರು ನಾವು. ಆ ಬೈಗುಳಕ್ಕೆ ಹೆದರಿಯೇ ನೀವು ಹದಿನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೀರಿ. ಅದೇ ಊರಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿ. ನಿದ್ದೆ ಬಾರದವರು, ಪರೀಕ್ಷೆಗೆ ಹೆದರಿದ ಹುಡುಗರು, ಹೆರಿಗೆಯ ನಂತರ ಮಂಕಾದ ತಾಯಂದಿರು, ನಿಮ್ಮ ಹಾಗೆಯೇ ಇಸ್ತ್ರಿ ಅಂಗಿ ತೊಟ್ಟು ಬಂದ ಮೇಷ್ಟ್ರುಗಳು ಚೀಟಿ ಹಿಡಿದು ಕಾಯುತ್ತಿರುತ್ತಾರೆ.

ಶಿವಗಣಾರಾಧನೆ ಮುಗಿದು ನೆಂಟರು ಬಸ್ ಹತ್ತಿದ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೀವು ಬರೆದಿರುವ ರೀತಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಊರೆಲ್ಲ ಬಂದು ಊಟ ಮಾಡಿಹೋದರು. ಮರುವಾರದಿಂದ ಯಾರೂ ಆಕೆಯ ಹೆಸರನ್ನೇ ಎತ್ತಲಿಲ್ಲ. ಎತ್ತಿದವರೂ ‘ಇನ್ನೊಂದು ಮದುವೆ ನೋಡಬಾರದೇ’ ಎಂದರು. ಇಂಥ ಸಂದರ್ಭದಲ್ಲಿ ಕೆಲವರು ‘ಹಿಂದೆ ಅರಳಿಕಟ್ಟೆಗಳಿದ್ದವು, ಮನಸ್ಸಿನ ಭಾರ ಅಲ್ಲೇ ಇಳಿಯುತ್ತಿತ್ತು’ ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮೂರ ಅರಳಿಕಟ್ಟೆಯನ್ನು ಚೆನ್ನಾಗಿ ಬಲ್ಲೆ. ಅಲ್ಲಿ ಕುಳಿತವರು ನಿಮ್ಮ ಮಾತನ್ನು ಕೇಳುತ್ತಿರಲಿಲ್ಲ, ನಿಮ್ಮ ವಿಷಯ ಮಾತನಾಡುತ್ತಿದ್ದರು. ನಿಮಗೆ ಈಗ ಬೇಕಿರುವುದು ನಿಮ್ಮನ್ನು ಅರಿಯದ, ನಿಮ್ಮ ದುಃಖವನ್ನು ಅರಿತ ಜನ.

ಇದನ್ನು ಓದಿ ತಿಳಿದು ಹೇಳುತ್ತಿಲ್ಲ. ಬಹಳ ವರ್ಷಗಳ ಹಿಂದೆ, ನನ್ನ ಅಣ್ಣನ ಕುಡಿತ ಮನೆಯವರನ್ನೆಲ್ಲ ಹಣ್ಣು ಮಾಡಿದ್ದಾಗ, ಅಲ್-ಅನಾನ್ ಗುಂಪೊಂದಕ್ಕೆ ಹೋಗುತ್ತಿದ್ದೆ. ಕುಡಿತ ಬಿಡುವವರಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಇರುವ ಹಾಗೆ ಕುಡುಕರ ಮನೆಯವರಿಗೆ ಇದು. ಎಎ ಅಮೆರಿಕದಲ್ಲಿ 1935ರಲ್ಲಿ ಹುಟ್ಟಿತು; ಅಲ್-ಅನಾನ್ ರೂಪುಗೊಂಡದ್ದು 1951ರಲ್ಲಿ. ಶಾಲೆಯೊಂದರ ಮೂರನೆಯ ತರಗತಿಯ ಕೋಣೆ, ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಬೆಂಚು. ಮೊದಲ ಮೂರು ವಾರ ನಾನು ತುಟಿ ಬಿಚ್ಚಲಿಲ್ಲ. ಯಾರೂ ಒತ್ತಾಯಿಸಲಿಲ್ಲ. ನಾಲ್ಕನೆಯ ವಾರ ಅಣ್ಣನ ಹೆಸರು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಆಗಲೂ ಯಾರೂ ‘ಸಮಾಧಾನ ಮಾಡಿಕೊಳ್ಳಿ’ ಎನ್ನಲಿಲ್ಲ. ಪಕ್ಕದವರು ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಅಲ್ಲಿ ಉಳಿದವರು ಏನು ಹೇಳಿದರು ಎಂಬುದನ್ನು ಇಷ್ಟು ವರ್ಷವಾದ ಮೇಲೂ ನಾನು ಬರೆಯುವಂತಿಲ್ಲ. ಗುಂಪು ನಿಂತಿರುವುದೇ ಆ ಕಟ್ಟುಪಾಡಿನ ಮೇಲೆ.

ಒಂದೇ ಕಷ್ಟದವರನ್ನು ಒಂದೆಡೆ ಕೂರಿಸಿದರೆ ಏನೋ ಒಳ್ಳೆಯದಾಗುತ್ತದೆ ಎಂಬುದು ವೈದ್ಯರಿಗೆ ತಿಳಿದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1905ರಲ್ಲಿ ಬಾಸ್ಟನ್ ನಗರದ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಸ್ಯಾನಟೋರಿಯಂ ಸೇರಲು ದುಡ್ಡಿಲ್ಲದ ಕ್ಷಯರೋಗಿಗಳಿಗೆ ವಾರಕ್ಕೊಂದು ತರಗತಿ ನಡೆಸತೊಡಗಿದರು. ಉದ್ದೇಶ ಇದ್ದದ್ದು ಪಥ್ಯ, ವಿಶ್ರಾಂತಿ, ಗಾಳಿ ಬೆಳಕಿನ ಪಾಠ ಹೇಳುವುದು. ಆದರೆ ಪಾಠಕ್ಕಿಂತ ಹೆಚ್ಚಾಗಿ, ಒಬ್ಬರನ್ನೊಬ್ಬರು ನೋಡುವುದರಿಂದಲೇ ರೋಗಿಗಳು ಚೇತರಿಸಿಕೊಳ್ಳುವಂತೆ ಕಂಡಿತು. ನಮ್ಮ ದೇಶದಲ್ಲೂ ಇದಕ್ಕೆ ಹತ್ತಿರದ ಕಥೆಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಅಲ್ಲೇ ಉಳಿಸಿಕೊಂಡರು. ರೋಗಿಯನ್ನು ಒಳಗೆ ಬಿಟ್ಟು ಮನೆಯವರು ಊರಿಗೆ ಹೋಗುವುದು ರೂಢಿಯಾಗಿದ್ದ ಕಾಲ ಅದು.

ಸರಿ, ನಿಮ್ಮ ಊರಿನ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಕುಡಿತ ಬಿಟ್ಟವರಿಗೆ ಗುಂಪು ಸಿಗುತ್ತದೆ. ಎಎ ಸಭೆಗಳು ಹಲವು ಊರುಗಳಲ್ಲಿ ನಡೆಯುತ್ತವೆ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ಅಂಥದ್ದು ಕಾಣುವುದು ಅಪರೂಪ. ‘ದುಃಖಿತರ ಗುಂಪು’ ಎಂಬ ಬೋರ್ಡು ಹುಡುಕಿದರೆ ನೀವು ಬರಿಗೈಯಲ್ಲಿ ವಾಪಸು ಬರುತ್ತೀರಿ. ಹುಡುಕಬೇಕಾದದ್ದು ಒಬ್ಬ ವ್ಯಕ್ತಿಯನ್ನು, ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರನ್ನು. ಹೆಸರು ಉದ್ದ, ಪರಿಚಯ ಇರುವವರು ಕಡಿಮೆ. ರೋಗಿಗಳ, ಅವರ ಮನೆಯವರ ಜೊತೆ ಕುಳಿತು ಮಾತನಾಡಿ ನೆರವಾಗುವುದು ಇವರ ಕೆಲಸ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಇವರ ಹುದ್ದೆಯೂ ಇರುತ್ತದೆ. ಈ ಕಾರ್ಯಕ್ರಮದ ಬೇರು ನಿಮ್ಮಿಂದ ದೂರದಲ್ಲೇನೂ ಇಲ್ಲ. 1985ರಿಂದ ಐದು ವರ್ಷ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ದೇಶದ ಕಾರ್ಯಕ್ರಮ ಶುರುವಾಯಿತು. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಮೊದಲು ವಿಚಾರಿಸಿಕೊಳ್ಳಿ. ಊರವರ ಕಣ್ಣಿನ ಅಂಜಿಕೆ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅದೂ ಬೇಡವೆಂದರೆ ಧಾರವಾಡಕ್ಕೆ. ಮಗಳನ್ನು ನೋಡಲು ಹೊರಟೆ ಎಂದರೆ ಸಹೋದ್ಯೋಗಿಗಳು ಮರುಪ್ರಶ್ನೆ ಹಾಕುವುದಿಲ್ಲ.

ಅಲ್ಲಿ ಗುಂಪಿನ ವಿಷಯವನ್ನೇ ಮೊದಲು ಎತ್ತಬೇಡಿ. ಮೊದಲು ನಿಮ್ಮನ್ನೊಬ್ಬರನ್ನೇ ಕೂರಿಸಿಕೊಂಡು ವಿಚಾರಿಸಲು ಹೇಳಿ. ದುಃಖ ಕಾಯಿಲೆಯಲ್ಲ. ಆದರೆ ವರ್ಷ ಕಳೆದರೂ ಅದು ಮೊದಲ ವಾರದ ತೀವ್ರತೆಯಲ್ಲೇ ಉಳಿದು ಅನ್ನ, ನಿದ್ದೆ, ಕೆಲಸವನ್ನು ತಿನ್ನುತ್ತಿದ್ದರೆ ಅದಕ್ಕೆ ಬೇರೆ ಆರೈಕೆ ಬೇಕು ಎಂದು ವೈದ್ಯರು ಈಗ ಒಪ್ಪಿದ್ದಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ದುಃಖಕ್ಕೆ ಪ್ರತ್ಯೇಕ ಜಾಗ ಸಿಕ್ಕಿದೆ. ಆಯಾ ಸಮಾಜದ ರೂಢಿಯನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಅಳೆಯಬೇಕೆಂಬ ಮಾತೂ ಅಲ್ಲಿದೆ. ನಿಮ್ಮದು ಅದೋ, ಖಿನ್ನತೆಯೋ, ಎರಡೂ ಅಲ್ಲದ ಬರೀ ಒಂಟಿತನವೋ ಎಂದು ಹೇಳಲು ನಾನು ಯಾರು? ಪತ್ರ ಓದಿ ರೋಗ ಹೇಳುವವರನ್ನು ನಂಬಬೇಡಿ, ಸಂಪಾದಕರನ್ನೂ ಸೇರಿಸಿ.

ಆಮೇಲೆ ಸಾಮಾಜಿಕ ಕಾರ್ಯಕರ್ತರನ್ನು ಕೇಳಿ: ಇಲ್ಲಿ ಗುಂಪು ಚಿಕಿತ್ಸೆಯಾಗಲಿ, ರೋಗಿಗಳ ಮನೆಯವರ ಸಭೆಯಾಗಲಿ ನಡೆಯುತ್ತದೆಯೇ? ‘ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಅಲ್ಲಿಗೇ ಎದ್ದುಬರಬೇಡಿ. ‘ನನ್ನಂಥವರು ಇನ್ನಿಬ್ಬರು ಬಂದಿದ್ದರೆ, ಅವರ ಒಪ್ಪಿಗೆ ಪಡೆದು, ನಮ್ಮನ್ನು ತಿಂಗಳಿಗೆರಡು ಸಲ ಒಟ್ಟಿಗೆ ಕೂರಿಸುತ್ತೀರಾ?’ ಎಂದು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೀಗೆ ಕೇಳುವವರು ಇಲ್ಲ, ಅದಕ್ಕೇ ಮಾಡುವವರೂ ಇಲ್ಲ. ಒಂದು ಕೋಣೆ, ಆರು ಕುರ್ಚಿ, ಒಂದೂವರೆ ಗಂಟೆ ಸಾಕು. ನಿಮ್ಮ ಮನೆಯಲ್ಲಿ ಮಾತ್ರ ಬೇಡ. ಚಹಾ, ಅವಲಕ್ಕಿ, ಉಪಚಾರದ ಗದ್ದಲದಲ್ಲಿ ಅಸಲು ಮಾತು ಹಿಂದೆ ಬೀಳುತ್ತದೆ.

ಬೆಂಗಳೂರಿನ ಓದುಗರಿಗೆ ದಾರಿ ಸುಲಭ. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಸ್ವಾಸ್ಥ್ಯ ಕೇಂದ್ರವಿದೆ. ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ದಶಕಗಳಿಂದ ಬರೆಯುತ್ತಿರುವ ಡಾ. ಸಿ.ಆರ್. ಚಂದ್ರಶೇಖರ್ ಅವರು ನಡೆಸುತ್ತ ಬಂದ ಸಮಾಧಾನ ಎಂಬ ಉಚಿತ ಆಪ್ತಸಲಹಾ ಕೇಂದ್ರವಿದೆ.

ಈಗ ಸ್ವಲ್ಪ ಖಾರವಾಗಿ ಬರೆಯಬೇಕಾದ ಭಾಗ. ನೀವು ಹುಡುಕಲು ಶುರು ಮಾಡಿದ ಕೂಡಲೇ ಬೇರೆ ತರಹದ ‘ಗುಂಪು’ಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಎರಡು ದಿನದ ಶಿಬಿರ, ಕಣ್ಣು ಮುಚ್ಚಿಸಿ ಅಳಿಸುವ ಕಾರ್ಯಕ್ರಮ, ಮುಗಿದ ಮೇಲೆ ಮುಂದಿನ ಹಂತಕ್ಕೆ ರಸೀದಿ. ನನ್ನ ಪರಿಚಯದವರೊಬ್ಬರು ಅಂಥದ್ದೊಂದರಲ್ಲಿ ಎಲ್ಲರೆದುರು ತಮ್ಮ ಮನೆಯ ಗುಟ್ಟು ಹೇಳಿ, ವಾರದೊಳಗೆ ಅದನ್ನು ಪರ ಊರಿನವರ ಬಾಯಲ್ಲಿ ಕೇಳಿದರು. ಅಳಿಸುವುದು ದೊಡ್ಡ ವಿದ್ಯೆಯಲ್ಲ, ಮೇಷ್ಟ್ರೇ, ಈರುಳ್ಳಿಯೂ ಅಳಿಸುತ್ತದೆ. ಅತ್ತವನನ್ನು ಮುಂದಿನ ವಾರ ಯಾರು ವಿಚಾರಿಸುತ್ತಾರೆ ಎಂಬುದನ್ನು ನೋಡಬೇಕು. ಗುಂಪು ನಡೆಸುವವರ ಓದು ಏನೆಂದು ಕೇಳಲು ಸಂಕೋಚ ಬೇಡ. ಆಪ್ತಸಮಾಲೋಚಕ ಎಂಬ ಬೋರ್ಡನ್ನು ಯಾರು ಬೇಕಾದರೂ ಬರೆಸಿಕೊಂಡು ಕುಳಿತಿರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬಹುದು; ಸರಿಯಾದವರು ಅದಕ್ಕೆ ಮುಖ ಗಂಟಿಕ್ಕುವುದಿಲ್ಲ. ಇನ್ನು ಎಎ, ಅಲ್-ಅನಾನ್‌ನಂಥ ಸಮಾನದುಃಖಿಗಳ ಗುಂಪಿನಲ್ಲಿ ಪದವಿ ಯಾರಿಗೂ ಇರುವುದಿಲ್ಲ, ಶುಲ್ಕವೂ ಇರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬುದ್ಧಿ ಹೇಳಲು ಹೊರಡುತ್ತಾರೆಯೇ ಎಂಬುದನ್ನು. ಯಾರಾದರೂ ಮಾತ್ರೆ ಬಿಡಿ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ. ಉಳಿದಂತೆ ಮೂರು ನಾಲ್ಕು ಸಲ ಹೋಗದೆ ತೀರ್ಮಾನಿಸಬೇಡಿ. ಮೊದಲ ದಿನ ಮನೆಗೆ ಬಂದಾಗ ಹೋಗುವಾಗಿನದಕ್ಕಿಂತ ಭಾರವಾಗಿರುತ್ತದೆ. ನನಗೂ ಹಾಗೇ ಆಗಿತ್ತು.

ಶಾಲೆಗೆ ಗೊತ್ತಾದರೆ ಎಂಬ ಭಯಕ್ಕೆ ಒಂದು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೆಯ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರುವುದು ನಿಮ್ಮ ಹಕ್ಕು. ವೈದ್ಯರಾಗಲಿ ಸಿಬ್ಬಂದಿಯಾಗಲಿ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಹೇಳುವಂತಿಲ್ಲ. ಗುಂಪಿನಲ್ಲಿ ಕುಳಿತ ಇತರರನ್ನು ಕಾನೂನು ಹಾಗೆ ಕಟ್ಟಿಹಾಕುವುದಿಲ್ಲ. ಅಲ್ಲಿ ಇರುವುದು ಕೊಟ್ಟ ಮಾತು ಮಾತ್ರ. ಆದ್ದರಿಂದಲೇ ಮೊದಲ ದಿನ ಎಲ್ಲವನ್ನೂ ಹೇಳಿಬಿಡಬೇಡಿ.

ಆ ಹುಡುಗನ ಮಾತು ಉಳಿಯಿತು. ಅದಕ್ಕೆ ಗುಂಪೂ ಬೇಡ, ವೈದ್ಯರೂ ಬೇಡ. ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ ಎಂದು ನಾನು ನಿಮಗೆ ಪಾಠ ಹೇಳಬೇಕಾಗಿಲ್ಲ. ನಿಮ್ಮ ದುಃಖ ಅವನ ಕೆನ್ನೆಗೆ ಗೊತ್ತಿರಲಿಲ್ಲ. ನಾಳೆ ತರಗತಿಯಲ್ಲೇ, ಹೊಡೆದದ್ದು ಯಾರೆದುರೋ ಅವರೆದುರೇ, ‘ನನ್ನದು ತಪ್ಪಾಯಿತು’ ಎಂದು ಅವನಿಗೆ ಹೇಳಿ. ಮಂಗಳವಾರದವರೆಗೆ ಕಾಯಬೇಡಿ.

ಕೊನೆಗೆ ನಿಮ್ಮ ಎರಡನೆಯ ಪ್ರಶ್ನೆ. ಪತ್ನಿಯ ಮೊಬೈಲಿಗೆ ಪ್ರತಿ ತಿಂಗಳೂ ರೀಚಾರ್ಜ್ ಮಾಡಿಸುತ್ತೀರಿ, ನಂಬರು ಬೇರೆಯವರ ಪಾಲಾಗದಿರಲಿ ಎಂದು. ಇದು ಹುಚ್ಚಲ್ಲವೇ ಎಂದು ಕೇಳಿದ್ದೀರಿ. ನಮ್ಮ ತಾಯಿ ತೀರಿಕೊಂಡು ಒಂಬತ್ತು ವರ್ಷವಾಯಿತು, ಅವರ ಎಲೆಯಡಿಕೆ ಚೀಲ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಸುಣ್ಣದ ಡಬ್ಬಿಯ ಸಮೇತ. ಈ ತಿಂಗಳ ರೀಚಾರ್ಜನ್ನೂ ಮಾಡಿಸಿ.

— ಸಂ.