ರಸ್ತೆ ಅಗಲ ಮಾಡಲು ಅರಣ್ಯ ಅನುಮತಿ ಇನ್ನು ಬೇಡವೇ?

ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಕಾಡಿನ ರಸ್ತೆಯನ್ನು ಅನುಮತಿಯಿಲ್ಲದೆ ಅಗಲಗೊಳಿಸಬಹುದು ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ, ಅದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಅವರ ಮಾತಿಗೆ ದಯವಿಟ್ಟು ತಲೆದೂಗಬೇಡಿ.

ಸರ್ಕಾರ ನಿರ್ವಹಿಸುವ ರಸ್ತೆ ಅಥವಾ ರೈಲು ಮಾರ್ಗದ ಪಕ್ಕದಲ್ಲಿ, ಜನವಸತಿಗೆ ಅಥವಾ ದಾರಿಬದಿಯ ಸೌಲಭ್ಯಕ್ಕೆ ಪ್ರವೇಶ ಕಲ್ಪಿಸುವ ಅರಣ್ಯ ಭೂಮಿಗೆ ತಿದ್ದುಪಡಿ ವಿನಾಯಿತಿ ನೀಡಿದೆ. ಅದರ ಮಿತಿ ಪ್ರತಿ ಪ್ರಕರಣಕ್ಕೆ 0.10 ಹೆಕ್ಟೇರ್, ಅಂದರೆ ಸುಮಾರು ಹತ್ತು ಗುಂಟೆ. ಊರಿನೊಳಗೆ ಹೋಗುವ ದಾರಿಗೆ ಅದು ಸಾಕು. ಕಿಲೋಮೀಟರ್‌ಗಟ್ಟಲೆ ಹೆದ್ದಾರಿ ಅಗಲೀಕರಣಕ್ಕೆ ಅದರ ಹೆಸರು ಹೇಳುವುದು ಜನರ ಕಣ್ಣಿಗೆ ಮಣ್ಣೆರಚುವ ಕೆಲಸ. ದೇಶದ ಅಂತರರಾಷ್ಟ್ರೀಯ ಗಡಿಯಿಂದ 100 ಕಿ.ಮೀ. ಒಳಗಿನ ವಿನಾಯಿತಿ ಇರುವುದು ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಯೋಜನೆಗಳಿಗೆ ಮಾತ್ರ.

ನನಗೆ ಹೆಚ್ಚು ಆತಂಕ ತಂದದ್ದು ಬೇರೆ ಅಂಶ. ದಾಖಲೆಯಲ್ಲಿ ಅರಣ್ಯವೆಂದು ನಮೂದಾಗದ ಕಾಡುಗಳಿಗೆ ಸುಪ್ರೀಂ ಕೋರ್ಟ್‌ನ 1996ರ ಗೋದಾವರ್ಮನ್ ತೀರ್ಪು ಕೊಟ್ಟಿದ್ದ ರಕ್ಷಣೆಯನ್ನು ತಿದ್ದುಪಡಿ ಸಡಿಲಗೊಳಿಸಿತು. ಮಲೆನಾಡಿನ ಪರಿಭಾವಿತ ಅರಣ್ಯಗಳ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸಲಾದ ಕಾಡುಗಳ) ಗತಿಯೇನು ಎಂಬ ಭಯ ಸಹಜವಾಗಿತ್ತು. ಆದರೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿ, ‘ಅರಣ್ಯ’ ಎಂಬ ಪದಕ್ಕೆ ಹಳೆಯ ತೀರ್ಪು ಕೊಟ್ಟಿದ್ದ ವಿಶಾಲ ಅರ್ಥವನ್ನೇ ಪಾಲಿಸುವಂತೆ ಸೂಚಿಸಿತು.

ಇನ್ನು ರಸ್ತೆ ಅಭಯಾರಣ್ಯ ಅಥವಾ ಹುಲಿ ಮೀಸಲು ಪ್ರದೇಶದೊಳಗೆ ಹಾದುಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಅದನ್ನು ಈ ತಿದ್ದುಪಡಿ ಮುಟ್ಟಿಲ್ಲ.

ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಸರ್ವೆ ಸಂಖ್ಯೆ, ಬಳಸುವ ವಿಸ್ತೀರ್ಣ, ಅನುಮತಿ ಆದೇಶದ ಪ್ರತಿ, ಈ ಮೂರನ್ನೂ ಕೇಳಿ. ಮರಗಳಿಗೆ ಗುರುತು ಹಾಕುವ ಮುನ್ನವೇ ಅರ್ಜಿ ಕೊಡಿ.