‘ಟು’ ಆದಮೇಲೆ ‘ಹಿಯರಿಂಗ್’ ಯಾಕೆ?

ಪತ್ರದ ಕೊನೆಗೆ ನೀವು ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಅಂತ ಬರೆದದ್ದನ್ನು ಯಾರೋ ‘ಹಿಯರಿಂಗ್’ ಅಂತ ತಿದ್ದಿದ್ದಾರೆ, ‘ಟು’ ಆದಮೇಲೆ ‘ಇಂಗ್’ ಹೇಗೆ ಬರುತ್ತೆ ಅಂತ ಕೇಳಿದ್ದೀರಿ. ತಿದ್ದಿದ್ದು ಸರಿ. ನಾನೂ ವರ್ಷಗಟ್ಟಲೆ ನಿಮ್ಮ ಹಾಗೇ ಬರೆದವನು, ಯಾರೂ ಹೇಳಿರಲಿಲ್ಲ.

‘ಐ ವಾಂಟ್ ಟು ಹಿಯರ್’ನಲ್ಲಿರುವ ‘ಟು’ ಕ್ರಿಯಾಪದಕ್ಕೆ ಅಂಟಿಕೊಂಡದ್ದು. ಇಲ್ಲಿರುವುದು ಬೇರೆ ‘ಟು’, ಪ್ರಿಪೊಸಿಷನ್. ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ. ಅದಕ್ಕೆ ನಾಮಪದವೇ ಬೇಕು. ‘ನೀವು ಬರುವುದಕ್ಕೆ ಕಾಯ್ತಿದ್ದೀನಿ’ ಅನ್ನುವಾಗ ‘ಬಾ’ ಅನ್ನೋದು ಮೊದಲು ‘ಬರುವುದು’ ಆಗುತ್ತೆ, ಆಮೇಲೆ ‘ಕ್ಕೆ’ ಹತ್ತುತ್ತೆ, ಅಲ್ವಾ? ಇಂಗ್ಲಿಷಿನಲ್ಲಿ ಆ ಕೆಲಸ ‘ಇಂಗ್’ನದು.

ಅನುಮಾನ ಬಂದರೆ ಕ್ರಿಯಾಪದದ ಜಾಗದಲ್ಲಿ ‘ಯುವರ್ ರಿಪ್ಲೈ’ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸಲೀಸಾಗಿ ಕೂರುತ್ತೆ. ‘ವಾಂಟ್ ಟು ಯುವರ್ ರಿಪ್ಲೈ’ ಕೂರಲ್ಲ. ಕೂತರೆ ‘ಇಂಗ್’ ಹಾಕಿ.

‘ಯೂಸ್ಡ್ ಟು’ ಮಾತ್ರ ಎರಡು ಕಡೆಯೂ ಆಡುತ್ತೆ, ಹುಷಾರು: ‘ಐ ಯೂಸ್ಡ್ ಟು ವಾಕ್’ ಅಂದರೆ ಮುಂಚೆ ನಡೀತಿದ್ದೆ, ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಅಂದರೆ ನಡೆದು ರೂಢಿಯಿದೆ.

ಇನ್ನು ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಅಂದರೂ ತಪ್ಪಲ್ಲ, ಸ್ವಲ್ಪ ಸಲುಗೆಯ ಧಾಟಿ ಅಷ್ಟೆ. ಆಗಲೂ ‘ಹಿಯರಿಂಗ್’ ಹಾಗೇ ಇರಲಿ.